ಗಜನಿ ಕೆಸರಿನಲ್ಲಿ ಸಿಕ್ಕ ದವಡೆ ಯಾವ ಪ್ರಾಣಿಯದು?

ಪ್ರಶ್ನೆ: ಕುಮಟಾ ತಾಲೂಕಿನಲ್ಲಿ ಅಘನಾಶಿನಿ ದಂಡೆಯ ನಮ್ಮ ಗಜನಿಯಲ್ಲಿ (ಉಪ್ಪುನೀರು ಏರಿ ಬರುವ ತಗ್ಗು ಗದ್ದೆ) ಹೊಂಡ ಆಳ ಮಾಡಿಸುವಾಗ ಹಿಟಾಚಿ ಬಕೆಟ್ಟಿನಲ್ಲಿ ದೊಡ್ಡದೊಂದು ದವಡೆ ಎಲುಬಿನ ತುಂಡು ಬಂತು. ಸುಮಾರು ಎಂಟು ಅಡಿ ಆಳ ಇರಬಹುದು. ಪೂರ್ತಿ ಕಪ್ಪು, ಕೈಗೆ ಭಾರ. ಮೂರು ಹಲ್ಲು ಇನ್ನೂ ಅದರಲ್ಲೇ ಇವೆ. ಕೊನೆಯ ಹಲ್ಲು 4 ಸೆಂ.ಮೀ. ಉದ್ದ, ಮೂರು ಭಾಗವಾಗಿ ಕಾಣುತ್ತದೆ, ಹೊರಬದಿಯಲ್ಲಿ ಸಣ್ಣ ಕಂಬದಂಥದ್ದು ಇದೆ. ಊರಲ್ಲಿ ಕೆಲವರು ಹಳೇ ಕಾಲದ ಘೇಂಡಾಮೃಗ ಎನ್ನುತ್ತಿದ್ದಾರೆ. ಇದು ಪಳೆಯುಳಿಕೆ ಹೌದೋ ಅಲ್ಲವೋ ತಿಳಿಯುವುದು ಹೇಗೆ? ಯಾರಿಗೆ ತೋರಿಸಬೇಕು?

ಉತ್ತರ: ಘೇಂಡಾಮೃಗ ಅಲ್ಲ. ನೀವು ಬರೆದ ಎರಡು ಲಕ್ಷಣಗಳೇ ಅದನ್ನು ಹೇಳುತ್ತವೆ. ಕೆಳದವಡೆಯ ಕೊನೆಯ ಹಲ್ಲಿನಲ್ಲಿ ಮೂರು ಭಾಗ, ಹೊರಬದಿಯಲ್ಲಿ ಭಾಗಗಳ ನಡುವೆ ಸಣ್ಣ ಕಂಬ, ಜೊತೆಗೆ 4 ಸೆಂ.ಮೀ. ಉದ್ದ ಅಂದರೆ ಅದು ದನ, ಎಮ್ಮೆ, ಕಾಡುಕೋಣಗಳ ಬಳಗದ್ದು. ಘೇಂಡಾಮೃಗದ ಕೆಳದವಡೆಯ ಕೊನೆಯ ಹಲ್ಲಿನಲ್ಲಿ ಎರಡೇ ಭಾಗ ಇರುತ್ತವೆ, ಕಂಬ ಇರುವುದಿಲ್ಲ. ಹಾಗೆಂದು ಅದನ್ನು ಎಸೆಯಬೇಡಿ. ಪ್ರಾಣಿ ಯಾವುದು ಎಂದು ಹಲ್ಲು ಹೇಳುತ್ತದೆ, ಕಾಲ ಯಾವುದು ಎಂದು ಮಣ್ಣು ಹೇಳಬೇಕು. ನಿಮ್ಮ ಪ್ರಶ್ನೆಯಲ್ಲಿ ಮೊದಲನೆಯದಕ್ಕೆ ಉತ್ತರ ಸಿಕ್ಕಿದೆ, ಎರಡನೆಯದು ಬಾಕಿ ಇದೆ.

ಅದಕ್ಕೂ ಮೊದಲು ತುರ್ತು ಕೆಲಸ. ಆ ತುಂಡನ್ನು ಅಂಗಳದ ಬಿಸಿಲಿಗೆ ಇಟ್ಟಿದ್ದರೆ ಈಗಲೇ ನೆರಳಿಗೆ ತನ್ನಿ. ಕೆಸರಿನಲ್ಲಿ ವರ್ಷಗಟ್ಟಲೆ ನೆನೆದ ಎಲುಬು ಬಿಸಿಲಿಗೆ ಬಿದ್ದರೆ ಹೊರಪದರ ಬೇಗ ಕುಗ್ಗುತ್ತದೆ, ಒಳಗಿನದು ಕುಗ್ಗುವುದಿಲ್ಲ. ಒಂದೆರಡು ದಿನದಲ್ಲಿ ಉದ್ದಕ್ಕೆ ಸೀಳಿ ಹಲ್ಲುಗಳು ಉದುರುತ್ತವೆ. ಒದ್ದೆ ಹತ್ತಿಬಟ್ಟೆಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ, ತಂಪು ಜಾಗದಲ್ಲಿಡಿ. ಅಳಿವೆಯ ಕೆಸರಾದ್ದರಿಂದ ಉಪ್ಪಿನ ಕಾಟವೂ ಇದೆ. ನೀರು ಆರುವಾಗ ಉಪ್ಪು ಎಲುಬಿನ ರಂಧ್ರಗಳೊಳಗೆ ಹರಳುಗಟ್ಟಿ ಮೇಲ್ಮೈಯನ್ನು ಪುಡಿಪುಡಿ ಮಾಡುತ್ತದೆ. ಎಲುಬು ಗಟ್ಟಿ ಇದ್ದರೆ, ಅಂದರೆ ಉಗುರಿನಿಂದ ಒತ್ತಿದಾಗ ಗುರುತು ಬೀಳದಿದ್ದರೆ, ಅಗಲ ಬಕೆಟ್ಟಿನ ಬಾವಿನೀರಿನಲ್ಲಿ ಮುಳುಗಿಸಿಟ್ಟು ದಿನಕ್ಕೊಮ್ಮೆ ನೀರು ಬದಲಿಸಿ. ನೀರು ಶುದ್ಧಿ ಯಂತ್ರ ರಿಪೇರಿ ಮಾಡುವವರ ಹತ್ತಿರ ನೀರಿನಲ್ಲಿ ಕರಗಿದ ಉಪ್ಪನ್ನು ಅಳೆಯುವ ಟಿಡಿಎಸ್ ಮೀಟರ್ ಇರುತ್ತದೆ. ಒಂದು ದಿನ ನೆನೆದ ನೀರಿನ ಅಂಕಿ ನಿಮ್ಮ ಬಾವಿನೀರಿನ ಅಂಕಿಗೆ ಹತ್ತಿರ ಬಂದಾಗ ಉಪ್ಪು ಬಹುಪಾಲು ಹೋಯಿತೆಂದು ತಿಳಿಯಿರಿ. ಒಂದು ವಾರವೂ ಹಿಡಿಯಬಹುದು, ಮೂರು ವಾರವೂ ಹಿಡಿಯಬಹುದು. ಆಮೇಲೆ ಒಳಮನೆಯಲ್ಲಿ, ಗಾಳಿ ನೇರವಾಗಿ ಬೀಸದ ಕಡೆ ಬಟ್ಟೆ ಮುಚ್ಚಿ ಎರಡು ಮೂರು ವಾರ ನಿಧಾನವಾಗಿ ಆರಿಸಿ. ಎಲುಬು ಮೆತ್ತಗಿದ್ದರೆ ಇದ್ಯಾವುದೂ ಬೇಡ, ಒದ್ದೆ ಬಟ್ಟೆಯಲ್ಲೇ ತಿಳಿದವರಿಗೆ ತಲುಪಿಸಿ.

ಫೆವಿಕಾಲ್, ಎಂ-ಸೀಲ್, ವಾರ್ನಿಶ್, ತೆಂಗಿನೆಣ್ಣೆ ಏನನ್ನೂ ಹಚ್ಚಬೇಡಿ. ಒಡೆದ ತುಂಡನ್ನು ಕೂಡಿಸಬೇಕೆಂದು ಕೈ ತುರಿಸುವುದು ಸಹಜ, ಆದರೆ ಇವುಗಳಲ್ಲಿ ಕಾರ್ಬನ್ ಇದೆ. ಒಮ್ಮೆ ಎಲುಬಿನೊಳಗೆ ಇಳಿದರೆ ಮುಂದೆ ರೇಡಿಯೋಕಾರ್ಬನ್ ಪರೀಕ್ಷೆಗೆ ಕೊಟ್ಟಾಗ ತಪ್ಪು ವಯಸ್ಸು ಬರುತ್ತದೆ. ಸಂಗ್ರಹಾಲಯದವರು ಎಲುಬು ಗಟ್ಟಿ ಮಾಡಲು ಪ್ಯಾರಲಾಯ್ಡ್ ಬಿ-72 ಎಂಬ ಅಂಟನ್ನು ಅಸಿಟೋನಿನಲ್ಲಿ ಶೇ. 5ರಷ್ಟು ಕರಗಿಸಿ ಬಳಸುತ್ತಾರೆ. ಬೇಕೆಂದಾಗ ಮತ್ತೆ ಅಸಿಟೋನಿನಿಂದಲೇ ತೆಗೆಯಬಹುದು ಎಂಬುದೇ ಅದರ ಗುಣ. ಅವರೂ ಪರೀಕ್ಷೆಗೆ ಬೇಕಾದ ಚೂರನ್ನು ಮೊದಲು ಬೇರೆ ಎತ್ತಿಟ್ಟು ಆಮೇಲೆ ಹಚ್ಚುತ್ತಾರೆ. ನೀವು ಬಿದ್ದ ಚೂರುಗಳನ್ನೆಲ್ಲ ಅಲ್ಯುಮಿನಿಯಂ ಹಾಳೆಯಲ್ಲಿ ಬೇರೆ ಬೇರೆ ಸುತ್ತಿಡಿ. ಪೇಪರ್, ಹತ್ತಿ ಬೇಡ.

ಈಗ ಹಲ್ಲಿನ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ದೊಡ್ಡ ಗೊರಸಿನ ಪ್ರಾಣಿಗಳ ಅಧ್ಯಯನ ಬಹುಪಾಲು ನಿಂತಿರುವುದೇ ಹಲ್ಲಿನ ಮೇಲೆ. ಎಲುಬು ಕರಗಿದರೂ ಹಲ್ಲಿನ ಮೇಲಿನ ಗಾಜಿನಂಥ ಎನಾಮೆಲ್ ಉಳಿಯುತ್ತದೆ. ಸವೆದ ಮೇಲ್ಮೈಯನ್ನು ಬೆಳಕಿಗೆ ಓರೆ ಹಿಡಿದು ನೋಡಿ. ಎನಾಮೆಲ್ ಗೆರೆಗಳು ಎದ್ದು ನಿಲ್ಲುತ್ತವೆ, ನಡುವಿನ ದಂತದ್ರವ್ಯ ತಗ್ಗಾಗಿರುತ್ತದೆ. ಆ ಗೆರೆಗಳ ಆಕಾರವೇ ಗುರುತು. ಮೆಲುಕು ಹಾಕುವ ಪ್ರಾಣಿಗಳಲ್ಲಿ ಅರ್ಧಚಂದ್ರಗಳು ಜೋಡಿಜೋಡಿಯಾಗಿ ಕಾಣುತ್ತವೆ. ದನ, ಎಮ್ಮೆ, ಕಾಡುಕೋಣಗಳದ್ದು ಎತ್ತರದ ಹಲ್ಲು, ಬುಡದಿಂದ ಏಳುವ ಕಂಬವೂ ದೊಡ್ಡದು, ಮಡಿಕೆಗಳ ನಡುವೆ ಸಿಮೆಂಟಿನಂಥ ಪದಾರ್ಥ ತುಂಬಿರುತ್ತದೆ. ಕಡವೆಯದ್ದೂ ಅರ್ಧಚಂದ್ರಗಳೇ, ಕೊನೆಯದರಲ್ಲಿ ಮೂರು ಭಾಗವೂ ಹೌದು, ಆದರೆ ಹಲ್ಲು ಗಿಡ್ಡ, ಉದ್ದ 3 ಸೆಂ.ಮೀ.ಗಿಂತ ಕಡಿಮೆ. ಜಿರಾಫೆಯ ಬಳಗದ ಹಲ್ಲೂ ಹೆಚ್ಚು ಎತ್ತರ ಇರುವುದಿಲ್ಲ, ಎನಾಮೆಲ್ ಒರಟಾಗಿ ಸುಕ್ಕುಗಟ್ಟಿದಂತಿರುತ್ತದೆ. ಬೆರಳಾಡಿಸಿದರೆ ಗೊತ್ತಾಗುತ್ತದೆ.

ಘೇಂಡಾಮೃಗದ ಮೇಲ್ದವಡೆಯ ಹಲ್ಲು ಚೌಕಾಕಾರ, ಅಗಲ ಸುಮಾರು 5ರಿಂದ 6 ಸೆಂ.ಮೀ. ಹೊರಬದಿಗೆ ಉದ್ದನೆಯ ಗೋಡೆ, ಅದರಿಂದ ಒಳಕ್ಕೆ ಚಾಚಿದ ಎರಡು ಅಡ್ಡಗೋಡೆ, ಒಟ್ಟಿಗೆ ನೋಡಿದರೆ ಗಣಿತದ ಪೈ ಚಿಹ್ನೆಯ ಆಕಾರ. ಕುದುರೆಯದ್ದು ಎತ್ತರದ ಹಲ್ಲು, ಎನಾಮೆಲ್ ಗೆರೆ ತುಂಬ ಮಡಚಿಕೊಂಡಿರುತ್ತದೆ. ನೀರುಕುದುರೆಯ ಹಲ್ಲು ಸವೆದಾಗ ಮೂರೆಲೆಯ ಆಕಾರದ ಗುರುತುಗಳು ಎದುರುಬದುರಾಗಿ ಬರುತ್ತವೆ. ಹಂದಿಯದ್ದು ಗುಬ್ಬೆಗುಬ್ಬೆ. ಆನೆಯ ದವಡೆಹಲ್ಲಾದರೆ ಅಡ್ಡಡ್ಡ ಪಟ್ಟಿಗಳ ಸಾಲು, ಅದನ್ನು ಯಾರೂ ತಪ್ಪು ತಿಳಿಯಲಾರರು.

ಹಲ್ಲು ಸಿಗದಿದ್ದರೆ ಹಿಂಗಾಲಿನ ಗಿಣ್ಣಿನ ಮೂಳೆ ಹುಡುಕಬೇಕು. ಸೀಳುಗೊರಸಿನ ಪ್ರಾಣಿಗಳಲ್ಲಿ, ಅಂದರೆ ದನ, ಜಿಂಕೆ, ಹಂದಿ, ನೀರುಕುದುರೆ, ಜಿರಾಫೆಗಳಲ್ಲಿ, ಈ ಮೂಳೆಗೆ ಮೇಲೂ ಕೆಳಗೂ ಎರಡು ಗಾಲಿಯಂಥ ತುದಿ. ಕುದುರೆ, ಘೇಂಡಾಮೃಗಗಳಲ್ಲಿ ಗಾಲಿ ಮೇಲ್ತುದಿಗೆ ಮಾತ್ರ, ಕೆಳಗೆ ಚಪ್ಪಟೆ. ಇದು ಗಟ್ಟಿ ಮೂಳೆ, ಕೆಸರಿನಲ್ಲಿ ಚೆನ್ನಾಗಿ ಉಳಿಯುತ್ತದೆ, ಒಂದೇ ನೋಟಕ್ಕೆ ಬಳಗ ಹೇಳಿಬಿಡುತ್ತದೆ.

ಇನ್ನು ಕಾಲ. ಕಪ್ಪಾಗಿದೆ, ಭಾರವಾಗಿದೆ ಎಂದ ಮಾತ್ರಕ್ಕೆ ಎಲುಬು ಹಳೆಯದಾಗುವುದಿಲ್ಲ. ನಮ್ಮ ಕರಾವಳಿಯಲ್ಲಿ ಜನ ಹೆಚ್ಚು ಮೋಸ ಹೋಗುವುದು ಇಲ್ಲೇ. ಗಜನಿ ಕೆಸರಿನಲ್ಲಿ ಗಾಳಿ ಆಡುವುದಿಲ್ಲ. ಕೊಳೆತ ಎಲೆ, ಕಾಂಡ್ಲಾ (ಮ್ಯಾಂಗ್ರೋವ್) ಬೇರು, ಸಮುದ್ರದ ನೀರಿನ ಸಲ್ಫೇಟ್ ಸೇರಿ ಅಲ್ಲಿ ಕಬ್ಬಿಣದ ಸಲ್ಫೈಡ್ ಹುಟ್ಟುತ್ತದೆ. ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬರುವುದು ಅದರಿಂದಲೇ. ಹತ್ತಾರು ವರ್ಷ ಅದರಲ್ಲಿ ಬಿದ್ದ ಎಮ್ಮೆ ಎಲುಬೂ ಕಪ್ಪಾಗುತ್ತದೆ. ನೀರು ಹೀರಿದ್ದರಿಂದ ಭಾರವೂ ಆಗುತ್ತದೆ.

ಕೆಸರಿನ ವಯಸ್ಸಿಗೂ ಒಂದು ಮಿತಿ ಇದೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ತುತ್ತತುದಿಯಲ್ಲಿ, ಸಮುದ್ರ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಕಾರವಾರದ ಕಡಲಂಚು ಪಶ್ಚಿಮಕ್ಕೆ ಹತ್ತಾರು ಕಿಲೋಮೀಟರ್ ಆಚೆ ಇತ್ತು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಈಗಿನ ಅಳಿವೆಯ ಜಾಗದಲ್ಲಿ ಕಣಿವೆ ಕೊರೆದು ಹರಿಯುತ್ತಿದ್ದವು. ಹಿಮ ಕರಗಿ ಸಮುದ್ರ ಏರುತ್ತ ಬಂದು ಈಗಿನ ಮಟ್ಟದ ಹತ್ತಿರ ಮುಟ್ಟಿದ್ದು ಸುಮಾರು 6,000ದಿಂದ 7,000 ವರ್ಷಗಳ ಹಿಂದೆ. ನಿಮ್ಮ ಗಜನಿಯ ಮೇಲಿನ ಎಂಟು ಅಡಿ ಕೆಸರು ಹೆಚ್ಚುಕಡಿಮೆ ಆಮೇಲೆ ಕೂತದ್ದು. ಹಾಗಾಗಿ ಆ ದವಡೆ ಹತ್ತು ವರ್ಷದ್ದೂ ಇರಬಹುದು, ಕೆಲವು ಸಾವಿರ ವರ್ಷದ್ದೂ ಇರಬಹುದು. ಲಕ್ಷ ವರ್ಷದ್ದಂತೂ ಅಲ್ಲ. ಕೆಲವು ಸಾವಿರ ವರ್ಷದ್ದೇ ಆದರೆ ಅದು ಸಣ್ಣ ಸಂಗತಿಯಲ್ಲ. ಈಗ ಅಸ್ಸಾಂ ಮತ್ತು ಛತ್ತೀಸಗಡದ ಕಡೆ ಮಾತ್ರ ಉಳಿದಿರುವ ಕಾಡೆಮ್ಮೆ ಇಲ್ಲೂ ಇತ್ತೇ, ಸಾಕಿದ ಎಮ್ಮೆ ಕರಾವಳಿಗೆ ಬಂದದ್ದು ಯಾವಾಗ ಎಂಬಂಥ ಪ್ರಶ್ನೆಗಳಿಗೆ ಇಂಥ ಎಲುಬೇ ಸಾಕ್ಷಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಎರಡಿವೆ. ಎರಡನ್ನೂ ಉದುರಿದ ಚೂರಿನ ಮೇಲೆ ಮಾಡಿ, ಹಲ್ಲಿನ ಮೇಲೆ ಬೇಡ. ಒಂದು, ಕಾಯಿಸಿದ ಸೂಜಿ ತಾಗಿಸುವುದು. ಕೂದಲು ಸುಟ್ಟ ವಾಸನೆ ಬಂದರೆ ಒಳಗೆ ಇನ್ನೂ ಕೊಲಾಜೆನ್ ಎಂಬ ಪ್ರೋಟೀನ್ ಇದೆ, ಎಲುಬು ಕಲ್ಲಾಗಿಲ್ಲ. ವಾಸನೆ ಬಾರದಿದ್ದರೆ ಪಳೆಯುಳಿಕೆ ಎಂದು ಹಾರಾಡಬೇಡಿ. ನಮ್ಮ ಸೆಕೆ, ನೀರಿನಲ್ಲಿ ಕೊಲಾಜೆನ್ ಬೇಗ ಹೋಗುತ್ತದೆ. ಇನ್ನೊಂದು, ಸಾಂದ್ರತೆ. ದಪ್ಪ ಗೋಡೆಯ ಎಲುಬಿನ ಚೂರನ್ನು ನೆರಳಲ್ಲಿ ಚೆನ್ನಾಗಿ ಒಣಗಿಸಿ, 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ಆಮೇಲೆ ಅದನ್ನು ಕಾಲು ಗಂಟೆ ನೀರಲ್ಲಿ ನೆನೆಸಿ ಗುಳ್ಳೆ ಬಿಡಿಸಿ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಚೂರನ್ನು ನೂಲಿಗೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತೋರುವ ಗ್ರಾಂ ಲೆಕ್ಕವೇ ಚೂರಿನ ಗಾತ್ರ. ಒಣ ತೂಕ 24 ಗ್ರಾಂ, ಮುಳುಗಿಸಿದಾಗ 12 ಗ್ರಾಂ ತೋರಿದರೆ ಸಾಂದ್ರತೆ 2.0, ಅದು ಕಲ್ಲಾಗದ ಎಲುಬು. ರಂಧ್ರಗಳಲ್ಲಿ ಸುಣ್ಣ, ಸಿಲಿಕಾ, ಕಬ್ಬಿಣ ತುಂಬಿ ಕಲ್ಲಾದ ಎಲುಬಿಗೆ 2.5ಕ್ಕಿಂತ ಮೇಲೆ ಬರುತ್ತದೆ. ನಡುವೆ ಬಂದರೆ ಏನನ್ನೂ ಹೇಳಲಾಗದು. ಗುಳ್ಳೆ ಉಳಿದರೆ ಅಂಕಿ ಕಡಿಮೆ ಬರುತ್ತದೆ, ಅದಕ್ಕೇ ನೆನೆಸಲು ಹೇಳಿದ್ದು. ನಾಲಿಗೆಗೆ ತಾಗಿಸಿದರೆ ಅಂಟಿಕೊಳ್ಳುತ್ತದೆ ಎಂಬ ಪರೀಕ್ಷೆಯನ್ನು ಹಲವರು ಹೇಳುತ್ತಾರೆ. ಕೊಲಾಜೆನ್ ಹೋದ ಯಾವ ಒಣ ಎಲುಬೂ ಅಂಟುತ್ತದೆ, ಅದರಿಂದ ಕಾಲ ತಿಳಿಯದು, ಮೇಲಾಗಿ ಅಳಿವೆ ಕೆಸರು ಬಾಯಿಗೆ ಹಾಕುವ ವಸ್ತುವಲ್ಲ.

ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದಲೂ ಇಂಥ ಪ್ರಶ್ನೆ ಬರುವುದುಂಟು. ಅಲ್ಲಿ ತೋಟದ ಬಾವಿ, ಚಿರೆಕಲ್ಲಿನ ಗಣಿಯಲ್ಲಿ ಸಿಗುವ 'ಎಲುಬು' ಬಹುಪಾಲು ಎಲುಬೇ ಅಲ್ಲ. ಚಿರೆಕಲ್ಲಿನಲ್ಲಿ ಬೇರು ಹೋದ ದಾರಿಯ ಸುತ್ತ ಕಬ್ಬಿಣ ಗಟ್ಟಿಯಾಗಿ ಕೊಳವೆಯಂತೆ ಉಳಿಯುತ್ತದೆ, ತುದಿಯಲ್ಲಿ ದಪ್ಪಗಾದರೆ ಕಾಲಿನ ಮೂಳೆಯೇ ಅನ್ನಿಸುತ್ತದೆ. ಮುರಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಎಲುಬಾದರೆ ಹೊರಗೆ ದಟ್ಟ ಗೋಡೆ, ಒಳಗೆ ಜಾಲರಿ ಇರಬೇಕು. ಕಬ್ಬಿಣದ ಕೊಳವೆಯಲ್ಲಿ ಪದರದ ಮೇಲೆ ಪದರ ಇರುತ್ತದೆ. ಆ ಮಣ್ಣಿನಲ್ಲಿ ಎಲುಬು ಉಳಿಯದಿರಲು ಕಾರಣ ಇದೆ. ವರ್ಷಕ್ಕೆ ಅಷ್ಟು ಮಳೆ ಸುರಿದು ಸುಣ್ಣದ ಅಂಶವೆಲ್ಲ ತೊಳೆದುಹೋಗಿ ಮಣ್ಣು ಆಮ್ಲೀಯವಾಗಿದೆ, ಎಲುಬಿನ ಕ್ಯಾಲ್ಸಿಯಂ ಫಾಸ್ಫೇಟ್ ಅದರಲ್ಲಿ ಕರಗಿಬಿಡುತ್ತದೆ. ಅಡಿಯ ಬಂಡೆಯಂತೂ 250 ಕೋಟಿ ವರ್ಷಕ್ಕೂ ಹಿಂದಿನ ನೈಸ್, ಗ್ರಾನೈಟ್, ಶಿಸ್ಟ್. ಆಗ ಭೂಮಿಯ ಮೇಲೆ ಪ್ರಾಣಿಗಳೇ ಇರಲಿಲ್ಲ. ನಿಮ್ಮ ಗಜನಿಯಲ್ಲಿ ಎಲುಬು ಉಳಿದದ್ದು ಕೆಸರಿನಲ್ಲಿ ಗಾಳಿ ಇಲ್ಲದ್ದರಿಂದ ಮತ್ತು ಬಳಚಿನ (ಕಪ್ಪೆಚಿಪ್ಪಿನಂಥ ಜೀವಿ) ಚಿಪ್ಪು ಆಮ್ಲವನ್ನು ತಗ್ಗಿಸಿದ್ದರಿಂದ. ಜಿಲ್ಲೆಯಲ್ಲಿ ನಿಜಕ್ಕೂ ಹಳೆಯ ಎಲುಬು ಸಿಗಬಹುದಾದ ಜಾಗ ಯಾವುದು ಎಂದು ಕೇಳಿದರೆ ನಾನು ಯಾಣ ಮತ್ತು ದಾಂಡೇಲಿ ಕಾಡಿನ ಕವಳಾ ಗುಹೆಯಂಥ ಸುಣ್ಣಕಲ್ಲಿನ ಬಿರುಕುಗಳನ್ನು ಹೆಸರಿಸುತ್ತೇನೆ. ಆದರೆ ಎರಡೂ ಕಾಡಿನೊಳಗಿನ ಪೂಜಾಸ್ಥಳ. ಅನುಮತಿ ಇಲ್ಲದೆ ಅಲ್ಲಿ ಒಂದು ಹಿಡಿ ಮಣ್ಣೂ ಕೆದಕಬಾರದು.

ಊರಿನವರು ಘೇಂಡಾಮೃಗ ಎಂದದ್ದು ಪೂರ್ತಿ ಕಲ್ಪನೆಯೂ ಅಲ್ಲ. ಘಟ್ಟ ದಾಟಿ ಬಯಲುಸೀಮೆಗೆ ಹೋದರೆ ಗೋಕಾಕ ಹತ್ತಿರದ ಘಟಪ್ರಭಾ ಕಣಿವೆಯಲ್ಲಿ ಅಳಿದ ಘೇಂಡಾಮೃಗದ ತಲೆಬುರುಡೆಯ ಭಾಗಗಳು, ಹಲ್ಲುಗಳು ಸಿಕ್ಕಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಅದನ್ನು ಪತ್ತೆ ಮಾಡಿ 1874ರಲ್ಲಿ ರೈನೋಸೆರಸ್ ಡೆಕ್ಕನೆನ್ಸಿಸ್ ಎಂದು ವಿವರಿಸಿದರು. 1863ರಲ್ಲಿ ಚೆನ್ನೈ ಹತ್ತಿರದ ಪಲ್ಲಾವರಂನಲ್ಲಿ ಶಿಲಾಯುಗದ ಕೈಕೊಡಲಿ ಗುರುತಿಸಿದವರೂ ಇವರೇ. ಮುಂದೆ ಕರ್ನೂಲಿನ ಬಿಲ್ಲಸುರ್ಗಂ ಗುಹೆಗಳನ್ನು ಮಗನ ಜೊತೆ ಅಗೆದಾಗ ಅಲ್ಲೂ ಘೇಂಡಾಮೃಗದ ಎಲುಬು ಬಂತು. ಗೋಕಾಕದಲ್ಲಿ ಮಳೆ ಕಡಿಮೆ, ಮಣ್ಣಿನಲ್ಲಿ ಸುಣ್ಣದ ಗಂಟು ಹೇರಳ. ಕರ್ನೂಲಿನದು ಸುಣ್ಣಕಲ್ಲಿನ ಗುಹೆ. ಎರಡೂ ಕಡೆ ಎಲುಬನ್ನು ಕಾಪಾಡಿದ್ದು ಸುಣ್ಣ. ಶಿರಸಿಯಲ್ಲೂ ಆ ಕಾಲದಲ್ಲಿ ಘೇಂಡಾಮೃಗ ಓಡಾಡಿದ್ದರೂ ಅದರ ಗುರುತನ್ನು ನಮ್ಮ ಮಣ್ಣು ಉಳಿಸಿಕೊಟ್ಟಿರುವ ಸಂಭವ ತೀರ ಕಡಿಮೆ.

ಇನ್ನೂ ಉತ್ತರಕ್ಕೆ ಹೋದಷ್ಟೂ ಪಟ್ಟಿ ಬೆಳೆಯುತ್ತದೆ. ನರ್ಮದಾ ಕಣಿವೆಯ ಜಲ್ಲಿಪದರಗಳಲ್ಲಿ ನೀರುಕುದುರೆ, ದೊಡ್ಡ ಕೋಡಿನ ಕಾಡುದನ ಬೋಸ್ ನಮಾಡಿಕಸ್, ಕಾಡುಕುದುರೆ ಸಿಕ್ಕಿವೆ. ನೀರುಕುದುರೆ ಭಾರತದಲ್ಲಿ ಸುಮಾರು 16,000 ವರ್ಷಗಳ ಹಿಂದಿನವರೆಗೂ ಇತ್ತು ಎಂದು ರೇಡಿಯೋಕಾರ್ಬನ್ ತೋರಿಸಿದೆ. ಕಡಲಂಚಿನವರಾದ ನಮಗೆ ಗುಜರಾತಿನ ಪಿರಂ ದ್ವೀಪದ ಉದಾಹರಣೆ ಹತ್ತಿರದ್ದು. ಖಂಭಾತ್ ಕೊಲ್ಲಿಯ ಆ ದ್ವೀಪದಲ್ಲಿ ಅಲೆ ಕೊರೆದ ಗಟ್ಟಿ ಜಲ್ಲಿಪದರದಿಂದ ಪಳೆಯುಳಿಕೆಗಳು ಹೊರಬೀಳುತ್ತವೆ. ಜಿರಾಫೆ ಬಳಗದ ಬ್ರಾಮಾಥೀರಿಯಂ ಎಂಬ ಭಾರಿ ಪ್ರಾಣಿಯನ್ನು ಹ್ಯೂ ಫಾಲ್ಕನರ್ 1845ರಲ್ಲಿ ವಿವರಿಸಿದ್ದು ಅಲ್ಲಿನ ಎಲುಬಿನಿಂದ. ನಿಮ್ಮ ಕೆಸರಿಗೂ ಅದಕ್ಕೂ ವ್ಯತ್ಯಾಸ ಇದೆ. ಅಲ್ಲಿ ಸಮುದ್ರ ಎಲುಬನ್ನು ಹೂಳಲಿಲ್ಲ, ಲಕ್ಷಾಂತರ ವರ್ಷ ಮೊದಲೇ ಕಲ್ಲಾಗಿದ್ದ ಪದರವನ್ನು ಕೊರೆದು ತೋರಿಸಿತು.

ಇದೇ ಫಾಲ್ಕನರ್ ಮತ್ತು ಕಾಲುವೆ ಎಂಜಿನಿಯರ್ ಪ್ರೋಬಿ ಕೌಟ್ಲಿ ಶಿವಾಲಿಕ್ ಬೆಟ್ಟಗಳಿಂದ ಸಿವಥೀರಿಯಂ ಜೈಗಾಂಟಿಯಮ್ ಅನ್ನು 1836ರಲ್ಲಿ ಲೋಕಕ್ಕೆ ತಿಳಿಸಿದರು. ಶಿವನ ಹೆಸರಿನ ಈ ಪ್ರಾಣಿಗೆ ನೆತ್ತಿಯ ಮೇಲೆ ಅಗಲವಾದ ಜೋಡಿ ಕೊಂಬು, ಕಣ್ಣಿನ ಮೇಲೆ ಇನ್ನೊಂದು ಸಣ್ಣ ಜೋಡಿ. ಭುಜದ ಹತ್ತಿರ ಸುಮಾರು 2.2 ಮೀಟರ್ ಎತ್ತರ, ಕುತ್ತಿಗೆ ಮಾತ್ರ ಈಗಿನ ಜಿರಾಫೆಯಷ್ಟು ಉದ್ದ ಇಲ್ಲ, ತೂಕ ಒಂದು ಟನ್‌ಗಿಂತ ಮೇಲೆ ಎಂದು ಅಂದಾಜು. ಹಿಮಾಚಲದ ಸಾಕೇತಿಯಲ್ಲಿ 1974ರಿಂದ ಇರುವ ಪಳೆಯುಳಿಕೆ ಉದ್ಯಾನ, ಕೊಲ್ಕತ್ತದ ಇಂಡಿಯನ್ ಮ್ಯೂಸಿಯಂನ ಶಿವಾಲಿಕ್ ವಿಭಾಗ ನೋಡಿದರೆ ಈ ಬಳಗದ ಗಾತ್ರ ಕಣ್ಣಿಗೆ ಕಟ್ಟುತ್ತದೆ. ಇವೆಲ್ಲಕ್ಕಿಂತ ದೊಡ್ಡದು ಬಲೂಚಿಸ್ತಾನದ ಬುಗ್ತಿ ಬೆಟ್ಟಗಳಲ್ಲಿ ಸಿಕ್ಕ, ಕೊಂಬಿಲ್ಲದ ಘೇಂಡಾಮೃಗ ಸಂಬಂಧಿ ಪ್ಯಾರಾಸೆರಾಥೀರಿಯಂ. ಭುಜದ ಎತ್ತರ ಸುಮಾರು 4.8 ಮೀಟರ್, ತೂಕದ ಅಂದಾಜು 15ರಿಂದ 20 ಟನ್, ಬದುಕಿದ್ದು 2.3ರಿಂದ 3.4 ಕೋಟಿ ವರ್ಷಗಳ ಹಿಂದೆ.

ಈ ಎಲ್ಲ ಹೆಸರುಗಳಿಗೆ ಬೆಲೆ ಬಂದದ್ದು ಎಲುಬು ಯಾವ ಪದರದಿಂದ ಬಂತು ಎಂದು ಬರೆದಿಟ್ಟವರಿಂದ. ನಿಮ್ಮ ದವಡೆಗೂ ಅದೇ ಬೇಕು. ಮೊಬೈಲಿನಲ್ಲಿ ಜಾಗದ ಅಕ್ಷಾಂಶ ರೇಖಾಂಶ ಬರೆದುಕೊಳ್ಳಿ. ಹೊಂಡದ ಗೋಡೆ ಇನ್ನೂ ಕುಸಿಯದಿದ್ದರೆ ಮೀಟರ್ ಟೇಪು ಇಳಿಬಿಟ್ಟು ಫೋಟೋ ತೆಗೆಯಿರಿ. ಗೋಡೆ ಯಾವಾಗ ಬೇಕಾದರೂ ಬೀಳಬಹುದು, ಆದ್ದರಿಂದ ಒಳಗೆ ಇಳಿಯಬೇಡಿ. ಮೇಲಿಂದ ಎಷ್ಟು ಅಡಿಗೆ ಮಣ್ಣಿನ ಬಣ್ಣ ಬದಲಾಗಿದೆ, ಚಿಪ್ಪಿನ ಪದರ ಎಲ್ಲಿದೆ, ಮರಳು ಎಲ್ಲಿದೆ ಬರೆಯಿರಿ. ದವಡೆಗೆ ಅಂಟಿದ್ದ ಕೆಸರನ್ನು ತೊಳೆಯುವ ಮೊದಲು ಒಂದು ಮುಷ್ಟಿ ಎತ್ತಿ ಡಬ್ಬದಲ್ಲಿಡಿ. ಹೊಂಡದ ಯಾವ ಪದರದ ಜೊತೆ ಅದು ಹೊಂದುತ್ತದೆ ಎಂದು ನೋಡಲು ಅದು ಬೇಕು. ಹಿಟಾಚಿ ಎತ್ತಿದ ವಸ್ತುವಿನ ಆಳ ನಂಬಲು ಕಷ್ಟ. ಮೇಲಿನ ಮಣ್ಣು ಜಾರಿ ಬಕೆಟ್ಟಿಗೆ ಸೇರಿರಬಹುದು. ಹಿಂದೆ ಬಂಡು ಕಟ್ಟುವಾಗ ಅದೇ ಜಾಗವನ್ನು ಅಗೆದು ಮುಚ್ಚಿರಬಹುದು, ಸತ್ತ ದನವನ್ನು ಹಳೆಯ ಕೋಡಿಗೆ ಎಳೆದು ಹಾಕಿರಬಹುದು. ಜೊತೆಗೆ ಹಂಚಿನ ಚೂರು, ಪ್ಲಾಸ್ಟಿಕ್, ಕಬ್ಬಿಣದ ಮೊಳೆ ಬಂದಿದ್ದರೆ ಹೊಸದೆಂದೇ ಲೆಕ್ಕ. ಎಲುಬಿನ ಮೇಲೆ ಕತ್ತಿಯಿಂದ ಕಡಿದ ನೇರ ಗೆರೆ ಇದೆಯೇ ನೋಡಿ, ಅದು ಮನುಷ್ಯರ ಕೈಯ ಗುರುತು.

ಮಳೆಗಾಲದಲ್ಲಿ ಇಟ್ಟುಕೊಳ್ಳುವಾಗ ಒಂದು ಎಚ್ಚರಿಕೆ. ಕಪ್ಪು ಕೆಸರಿನ ಎಲುಬಿನಲ್ಲಿ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಇದ್ದರೆ ನಮ್ಮ ತೇವದ ಗಾಳಿಯಲ್ಲಿ ಅದು ಆಮ್ಲವಾಗಿ ಒಳಗಿಂದ ತಿನ್ನುತ್ತದೆ. ಬಿಳಿ ಅಥವಾ ಹಳದಿ ಪುಡಿ, ಗಂಧಕದ ವಾಸನೆ, ಹೊಸ ಬಿರುಕು ಕಂಡರೆ ಅದೇ. ಚೆನ್ನಾಗಿ ಆರಿದ ಮೇಲೆ ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಜೆಲ್ ಬಣ್ಣ ಬದಲಾದರೆ ಕಾಯಿಸಿ ಮತ್ತೆ ಹಾಕಿ. ಅರ್ಧ ಒಣಗಿದ್ದನ್ನು ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ.

ತೋರಿಸಲು ಮೊದಲ ಜಾಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗ, ಅಥವಾ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಬೆಂಗಳೂರು ಕಚೇರಿ. ಎಲುಬಿನಿಂದ ಪ್ರಾಣಿ ಗುರುತಿಸುವ ಅನುಭವ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಚೆನ್ನಾಗಿದೆ. ಮೊದಲು ಫೋಟೋ ಕಳಿಸಿ. ಹೊರಬದಿ, ಒಳಬದಿ, ಹಲ್ಲಿನ ಸವೆದ ಮೇಲ್ಮೈ ನೇರ ಮೇಲಿನಿಂದ, ಪ್ರತಿಯೊಂದರಲ್ಲೂ ಪಕ್ಕಕ್ಕೆ ಸ್ಕೇಲು ಇಟ್ಟು ತೆಗೆಯಿರಿ. ನಾಣ್ಯ ಬೇಡ. ಅವರು ಹಳೆಯದು ಎಂದರೆ ವಯಸ್ಸು ತಿಳಿಯಲು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ, ಲಖನೌದ ಬೀರಬಲ ಸಾಹ್ನಿ ಸಂಸ್ಥೆಯಂಥ ಕಡೆ ಕಳಿಸುವ ದಾರಿ ಅವರಿಗೇ ಗೊತ್ತಿರುತ್ತದೆ. ಮಡಕೆ ಚೂರು, ಕಲ್ಲಿನ ಉಪಕರಣ ಜೊತೆಗಿದ್ದರೆ ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಬೇಕು.

ಅರಣ್ಯ ಇಲಾಖೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ದವಡೆ ಇತ್ತೀಚಿನ ಕಾಡುಕೋಣದ್ದು ಎಂದು ತಿಳಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನ ಪ್ರಕಾರ ಅದು ಸರ್ಕಾರದ ಸ್ವತ್ತು. ಕೈಗೆ ಬಂದ 48 ಗಂಟೆಯೊಳಗೆ ತಿಳಿಸಬೇಕು. ಕಡವೆ ಕೊಂಬು, ಆನೆದಂತಕ್ಕೂ ಇದೇ ನಿಯಮ. ಗುರುತು ಖಚಿತವಾಗುವವರೆಗೆ ಕಾಯದೆ ಹತ್ತಿರದ ವಲಯ ಅರಣ್ಯ ಕಚೇರಿಗೆ ಇಂದೇ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ. ಹೆಚ್ಚು ಸಿಗಬಹುದೆಂದು ಹೊಂಡ ಅಗಲ ಮಾಡಲು ಹೋಗಬೇಡಿ. ಅಘನಾಶಿನಿ ಅಳಿವೆ 2024ರಿಂದ ರಾಮ್‌ಸಾರ್ ಜೌಗುಪ್ರದೇಶ, ಅಂದರೆ ಜೌಗುಪ್ರದೇಶ ಉಳಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ.

ಎಮ್ಮೆಯೋ, ಕಾಡುಕೋಣವೋ, ದನವೋ ಎಂಬುದನ್ನು ಹಲ್ಲೊಂದರಿಂದಲೇ ಬಿಡಿಸುವುದು ಪರಿಣತರಿಗೂ ಕಷ್ಟ. ಅದಕ್ಕೆ ಕೊಂಬಿನ ಒಳಗಿನ ಎಲುಬು ಬೇಕು. ಅಡ್ಡ ಕತ್ತರಿಸಿದಂತೆ ನೋಡಿದಾಗ ಎಮ್ಮೆಯದ್ದು ತ್ರಿಕೋನ, ದನದ್ದು ದುಂಡು ಅಥವಾ ಮೊಟ್ಟೆಯಾಕಾರ. ಹಿಟಾಚಿ ಎತ್ತಿ ಹಾಕಿದ ಕೆಸರಿನ ರಾಶಿ ಇನ್ನೂ ಬದುವಿನ ಮೇಲಿದ್ದರೆ, ಮಳೆ ಹಿಡಿಯುವ ಮೊದಲು ಅದನ್ನು ಬುಟ್ಟಿಬುಟ್ಟಿಯಾಗಿ ಮರಳು ಸೋಸುವ ಜಾಲರಿಯ ಮೇಲೆ ಹಾಕಿ ನೀರು ಬಿಟ್ಟು ತೊಳೆಯಿರಿ. ಕೊಂಬಿನ ಎಲುಬು, ಗಿಣ್ಣಿನ ಮೂಳೆ, ಒಡೆದ ಹಲ್ಲು ಯಾವುದು ಸಿಕ್ಕರೂ ದವಡೆಯ ಜೊತೆ ಬೆರೆಸದೆ, 'ರಾಶಿಯಿಂದ ಸಿಕ್ಕಿದ್ದು' ಎಂದು ಪೆನ್ಸಿಲಿನಲ್ಲಿ ಬರೆದ ಚೀಟಿ ಹಾಕಿ ಬೇರೆ ಚೀಲದಲ್ಲಿಡಿ.